ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೀಲು, ಮೂಳೆ, ಚರ್ಮ ನೋಡಿಕೊಳ್ಳುವುದು ಹೇಗೆ

ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗುವುದಿಲ್ಲ. ಬೆಳಗ್ಗೆ ಎದ್ದು ಕಾಲು ನೆಲಕ್ಕಿಟ್ಟ ತಕ್ಷಣ ಹಿಮ್ಮಡಿ ಚುಚ್ಚುತ್ತದೆ. ಹಾಲು ಕರೆದು ಎದ್ದರೆ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. ಸೀನಿದರೆ ಎರಡು ಹನಿ ಮೂತ್ರ ಜಾರುತ್ತದೆ. ಚರ್ಮ ಒಣಗಿದೆ, ಗೀರು ಬಿದ್ದರೆ ಬೇಗ ಮಾಯುವುದಿಲ್ಲ.

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ನಲವತ್ತೈದು ದಾಟಿದ ಹೆಂಗಸರು ಇದರಲ್ಲಿ ಯಾವುದಾದರೂ ಒಂದನ್ನು ಹೇಳಿಕೊಂಡು ಬರುತ್ತಾರೆ. ಉಳಿದದ್ದನ್ನು ನಾನೇ ಕೇಳಿ ಕೇಳಿ ಬಾಯಿ ಬಿಡಿಸಬೇಕು. ಭುಜಕ್ಕೆ ಮೂಳೆ ಡಾಕ್ಟರ್, ಚರ್ಮಕ್ಕೆ ಚರ್ಮದ ಡಾಕ್ಟರ್, ಉರಿಮೂತ್ರಕ್ಕೆ ಮೆಡಿಕಲ್ ಸ್ಟೋರಿನ ಹುಡುಗ. ಮೂರೂ ಕಡೆ ಸುತ್ತಿ ಬಂದಿರುತ್ತಾರೆ. ನಾನು ಕೈ ಮುಟ್ಟುವ ಮೊದಲು ಕೇಳುವುದು ಒಂದೇ: "ಮುಟ್ಟು ಹೇಗಿದೆ ಅಕ್ಕ?" ಎಷ್ಟೋ ಜನ ನಕ್ಕುಬಿಡುತ್ತಾರೆ. "ಕೈ ನೋವಿಗೂ ಅದಕ್ಕೂ ಏನ್ ಸಂಬಂಧ ಮೇಡಮ್ಮ?"

ಸಂಬಂಧ ಇದೆ. ಅದನ್ನು ತಿಳಿದುಕೊಂಡರೆ ಏನು ಮಾಡಬೇಕು, ಏನಕ್ಕೆ ದುಡ್ಡು ಸುರಿಯಬಾರದು ಎರಡೂ ಗೊತ್ತಾಗುತ್ತದೆ.

ಒಳಗೆ ಏನು ನಡೆಯುತ್ತದೆ

ನಮ್ಮ ಮೈಯಲ್ಲಿರುವ ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಪಾಲು ಕೊಲಾಜನ್. ಚರ್ಮಕ್ಕೆ ಬಿಗಿ ಕೊಡುವುದು ಅದೇ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಅದರಿಂದಲೇ ಆದವು. ಗರ್ಭಕೋಶವನ್ನೂ ಮೂತ್ರಚೀಲವನ್ನೂ ಕೆಳಗಿನಿಂದ ಹಿಡಿದಿಡುವ ಪಟ್ಟಿಗಳಲ್ಲಿಯೂ ಅದೇ ಇದೆ. ಮೂಳೆ ಅಂದರೆ ಬರೀ ಸುಣ್ಣ ಅಂದುಕೊಳ್ಳುತ್ತೇವೆ. ಅದರ ಹಂದರವೂ ಕೊಲಾಜನ್, ಅದರ ಮೇಲೆ ಕ್ಯಾಲ್ಸಿಯಂ ಕೂತಿರುತ್ತದೆ ಅಷ್ಟೇ.

ಶಿಡ್ಲಘಟ್ಟದ ಕಡೆಯವರಿಗೆ ಇದರ ಆಕಾರ ಬೇಗ ಅರ್ಥವಾಗುತ್ತದೆ: ರೇಷ್ಮೆ ಹುರಿ ಮಾಡುವಾಗ ಎಳೆಗಳನ್ನು ಸೇರಿಸಿ ತಿರುಚುತ್ತಾರಲ್ಲ, ಕೊಲಾಜನ್ನೂ ಮೂರೆಳೆಯ ಹುರಿ. ಇದನ್ನು ಮೊದಲು ಬಿಡಿಸಿ ತೋರಿಸಿದವರಲ್ಲಿ ನಮ್ಮವರೇ ಇದ್ದಾರೆ. ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ, 1954ರಲ್ಲಿ, ಮದರಾಸಿನಲ್ಲಿ ಕೂತು. ರಾಮಚಂದ್ರನ್ ಓದಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಮುಂದೆ ಕೆಲಸಕ್ಕೆ ಬಂದದ್ದೂ ಅಲ್ಲಿಗೇ.

ಈ ಎಳೆಗಳನ್ನು ನೇಯುವ ಜೀವಕೋಶಗಳಿಗೆ ಫೈಬ್ರೋಬ್ಲಾಸ್ಟ್ ಎಂದು ಹೆಸರು. ಅವುಗಳ ಒಳಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಬಂದು ಕೂರುವ ಜಾಗಗಳಿವೆ. ಚರ್ಮದಲ್ಲಿ ಇವೆ, ಮೂಳೆಯಲ್ಲಿ ಇವೆ, ಟೆಂಡನ್, ಲಿಗಮೆಂಟ್, ಯೋನಿಯ ಗೋಡೆ, ಮೂತ್ರನಾಳ ಎಲ್ಲ ಕಡೆ ಇವೆ. ಅಂಡಾಶಯದಿಂದ ಈಸ್ಟ್ರೋಜನ್ ಬರುತ್ತಿರುವ ತನಕ ಹೊಸ ಎಳೆ ನೇಯುವ ಕೆಲಸ ನಡೆಯುತ್ತಿರುತ್ತದೆ. ಹಳೆಯದನ್ನು ಕತ್ತರಿಸುವ ಎಂಜೈಮುಗಳು ಹದ್ದುಬಸ್ತಿನಲ್ಲಿರುತ್ತವೆ. ಚರ್ಮದಲ್ಲಿ ನೀರು ಹಿಡಿದಿಡುವ ಹೈಅಲ್ಯುರಾನಿಕ್ ಆಸಿಡ್ ಕೂಡ ಸಾಕಷ್ಟು ತಯಾರಾಗುತ್ತದೆ. ಈಸ್ಟ್ರೋಜನ್ ಇಳಿದಾಗ ನೇಯುವುದು ನಿಧಾನವಾಗಿ, ಕತ್ತರಿಸುವುದು ಮುಂದುವರಿಯುತ್ತದೆ.

ಎಷ್ಟು ಇಳಿಯುತ್ತದೆ? ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ಚರ್ಮದ ಕೊಲಾಜನ್ ಸುಮಾರು 30 ಪರ್ಸೆಂಟ್ ಹೋಗುತ್ತದೆ. ಆಮೇಲೆ ವರ್ಷಕ್ಕೆ ಎರಡು ಪರ್ಸೆಂಟಿನಂತೆ. ಮೂಳೆಯ ಸಾಂದ್ರತೆ ಮೊದಲ ಐದರಿಂದ ಏಳು ವರ್ಷದಲ್ಲಿ 20 ಪರ್ಸೆಂಟಿನವರೆಗೂ ಕಡಿಮೆಯಾಗಬಹುದು. ಅಂದರೆ ನಷ್ಟ ಜಾಸ್ತಿ ಆಗುವುದು ಎಪ್ಪತ್ತರಲ್ಲಿ ಅಲ್ಲ, ಮುಟ್ಟು ನಿಂತ ಕೂಡಲೇ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ವಯಸ್ಸು ಸರಾಸರಿ 46-47ರ ಸುಮಾರು, ಪಶ್ಚಿಮ ದೇಶಗಳಲ್ಲಿ 51. ನಮಗೆ ನಾಲ್ಕು ವರ್ಷ ಮುಂಚೆಯೇ ಶುರು. ಆ ಹೊತ್ತಿಗೆ ನಾವು ಮಗಳ ಮದುವೆ, ಅತ್ತೆಯ ಬಿಪಿ, ಬ್ಯಾಂಕ್ ಸಾಲ ಅಂತ ಓಡಾಡಿಕೊಂಡಿರುತ್ತೇವೆ.

ಹಾಗಂತ ಈಸ್ಟ್ರೋಜನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಲಿಗಮೆಂಟಿನಲ್ಲಿ ಅದು ಎಳೆ ಎಳೆಗಳ ನಡುವಿನ ಬೆಸುಗೆಯನ್ನು ಸಡಿಲ ಮಾಡುತ್ತದೆ. ಬಸುರಿಯಾದಾಗ ಈಸ್ಟ್ರೋಜನ್ ಏರಿ, ರಿಲ್ಯಾಕ್ಸಿನ್ ಎಂಬ ಇನ್ನೊಂದು ಹಾರ್ಮೋನ್ ಜೊತೆ ಸೇರಿ, ಸೊಂಟದ ಕೀಲುಗಳು ಸಡಿಲವಾಗುತ್ತವೆ. ಕಬಡ್ಡಿ, ಖೋ ಖೋ ಆಡುವ ಹುಡುಗಿಯರಿಗೆ ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಜಾಸ್ತಿ. ಅದಕ್ಕೆ ನೆಗೆದು ಇಳಿಯುವ ರೀತಿ, ತೊಡೆಯ ಬಲ ಇಂಥ ಬೇರೆ ಕಾರಣಗಳೂ ಇವೆ, ಹಾರ್ಮೋನ್ ಅದರಲ್ಲಿ ಒಂದು. ಇನ್ನು ಬಾಣಂತಿ ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ತಾತ್ಕಾಲಿಕವಾಗಿ ತಳ ಸೇರಿರುತ್ತದೆ. ಯೋನಿ ಒಣಗುವುದು, ಮಗು ಎತ್ತಿ ಎತ್ತಿ ಹೆಬ್ಬೆರಳು ನೋಯುವುದು ಆಗ ಕಾಣುವುದುಂಟು. ಅದು ತಾನಾಗಿ ಸರಿಹೋಗುತ್ತದೆ. ಮುಟ್ಟು ನಿಂತ ಮೇಲಿನದ್ದು ಹಾಗೆ ಸರಿಹೋಗುವುದಿಲ್ಲ, ನಾವೇ ಕೈಹಾಕಬೇಕು.

ಮೊದಲು ನೀವು ಎಲ್ಲಿದ್ದೀರಿ ನೋಡಿಕೊಳ್ಳಿ

ಸತತ ಒಂದು ವರ್ಷ ಮುಟ್ಟು ಬರದಿದ್ದರೆ ನಿಂತಿದೆ ಎಂದು ಲೆಕ್ಕ. ಅದಕ್ಕೆ ಮೊದಲಿನ ಕೆಲವು ವರ್ಷ ಹಿಂದುಮುಂದಾಗುತ್ತದೆ. ಎರಡು ತಿಂಗಳು ಬರುವುದಿಲ್ಲ, ಬಂದರೆ ಹರಿದು ಹೋಗುತ್ತದೆ. ಕೀಲು ನೋವು ಈ ಹಂತದಲ್ಲೇ ಶುರುವಾಗಬಹುದು. ಮನೆಯಲ್ಲಿರುವ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ ಅದರಲ್ಲೇ, ಮುಟ್ಟಿನ ದಿನಕ್ಕೆ ಒಂದು ಸುತ್ತು ಹಾಕಿ. ಎಲ್ಲಿ ನೋವು ಎಂದು ಒಂದು ಪದ ಬರೆಯಿರಿ. ಮೂರು ತಿಂಗಳು ಸಾಕು.

ಗರ್ಭಕೋಶ ತೆಗೆಸಿದವರು ಒಂದು ಕೆಲಸ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಮೂವತ್ತೈದಕ್ಕೇ ತೆಗೆಸಿಕೊಂಡವರು ಎಷ್ಟು ಜನ ಇಲ್ಲ! ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಅದರಲ್ಲಿ ಬಿ.ಎಸ್.ಓ. ಎಂದಿದ್ದರೆ ಎರಡೂ ಅಂಡಾಶಯ ಹೋಗಿವೆ ಎಂದರ್ಥ. ಆಪರೇಷನ್ ಆದ ದಿನವೇ ಈಸ್ಟ್ರೋಜನ್ ಧಡಕ್ಕನೆ ಬಿದ್ದಿರುತ್ತದೆ. ಇಂಥವರಿಗೆ ಮೂಳೆ ಸವೆತದ ಅಪಾಯ ಜಾಸ್ತಿ, ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು. ಅಂಡಾಶಯ ಉಳಿಸಿದ್ದರೂ ಅವು ಕೆಲವು ವರ್ಷ ಮುಂಚೆ ಕೆಲಸ ನಿಲ್ಲಿಸುವುದುಂಟು.

ಎಲ್ಲ ನೋವನ್ನೂ ಮುಟ್ಟಿನ ತಲೆಗೆ ಕಟ್ಟಬೇಡಿ. ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆ, ಒಂದು ಗಂಟೆ ಕೈ ಬೆರಳು ಬಿಗಿಯಾಗಿಯೇ ಇದ್ದು, ಗೆಣ್ಣುಗಳು ಊದಿಕೊಂಡಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಶುಗರ್ ಎರಡನ್ನೂ ನೋಡಿಸಿ. ನಮ್ಮ ಜಿಲ್ಲೆಯಲ್ಲಿ ಇನ್ನೊಂದಿದೆ, ನೀರಿನ ಫ್ಲೋರೈಡ್. ಬಾಗೇಪಲ್ಲಿ ಕಡೆಯ ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದವರ ಬೆನ್ನು, ಮಂಡಿ ಬಿಗಿತ ಬೇರೆ ಥರದ್ದು. ಹಲ್ಲಿನ ಮೇಲೆ ಕಂದು ಗೆರೆ ಇದ್ದರೆ ನಾನು ಮೊದಲು ಕೇಳುವುದು ಯಾವ ನೀರು ಕುಡಿಯುತ್ತೀರಿ ಎಂದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನ ಆರ್‌ಓ ಘಟಕದ ಕ್ಯಾನ್ ನೀರೇ ತರಬೇಕು, ಅಡುಗೆಗೂ ಅದೇ.

ಟೆಂಡನ್‌ಗೆ ಭಾರ ಬೇಕು, ಸುಮ್ನೆ ರೆಸ್ಟ್ ಬೇಡ

ನೋವು ಅಂದ ಕೂಡಲೇ ಮನೆಯವರು ಹೇಳುವುದು "ಮಲಕೋ, ರೆಸ್ಟ್ ತಗೋ". ನಾಲ್ಕು ದಿನ ಸರಿ. ನಾಲ್ಕು ವಾರ ಮಲಗಿದರೆ ಟೆಂಡನ್ ಇನ್ನೂ ಸೊರಗುತ್ತದೆ. ಫೈಬ್ರೋಬ್ಲಾಸ್ಟುಗಳಿಗೆ ಕೆಲಸ ಹೇಳುವುದು ಎರಡು: ಹಾರ್ಮೋನ್ ಮತ್ತು ಎಳೆತ. ಒಂದು ಕಡಿಮೆಯಾದಾಗ ಇನ್ನೊಂದನ್ನು ಜಾಸ್ತಿ ಮಾಡಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

"ದಿನಾ ಹೊಲದಲ್ಲಿ ದುಡೀತೀವಿ, ಸೊಪ್ಪು ಬಿಡಿಸ್ತೀವಿ, ಹುಳಕ್ಕೆ ಹಾಕ್ತೀವಿ. ಇನ್ನೇನ್ ವ್ಯಾಯಾಮ?" ಎಂದು, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ ಎತ್ತಿಡುವ ಒಬ್ಬ ಅಕ್ಕ ನನ್ನನ್ನೇ ಗದರಿಸಿದರು. ನ್ಯಾಯವಾದ ಪ್ರಶ್ನೆ. ಹಿಪ್ಪುನೇರಳೆ ಸೊಪ್ಪು ಬಿಡಿಸುವುದು ಹಗುರ ಕೆಲಸ, ಆದರೆ ಒಂದೇ ಚಲನೆ ಸಾವಿರ ಸಲ. ಬಗ್ಗಿದ ಸೊಂಟ ಬಗ್ಗಿದಂತೆಯೇ ಇರುತ್ತದೆ. ಅದರಿಂದ ಟೆಂಡನ್ ಸವೆಯುತ್ತದೆ, ಗಟ್ಟಿಯಾಗುವುದಿಲ್ಲ. ಗಟ್ಟಿಯಾಗಲು ಬೇಕಾದದ್ದು ಭಾರ ಜಾಸ್ತಿ, ಸಂಖ್ಯೆ ಕಡಿಮೆ, ನಿಧಾನ ಚಲನೆ, ನಡುವೆ ಬಿಡುವು. ಭಾರ ಎತ್ತಿದ ಮೇಲೆ ಮೊದಲ ಒಂದು ದಿನ, ಒಂದೂವರೆ ದಿನ ಕೊಲಾಜನ್ ಕಳೆಯುವುದೇ ಜಾಸ್ತಿ, ಕಟ್ಟುವುದು ಅದರ ನಂತರ ಮೇಲುಗೈ ಆಗುತ್ತದೆ. ಅದಕ್ಕೇ ದಿನ ಬಿಟ್ಟು ದಿನ ಮಾಡಿ. ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಂಡರೆ ನೆನಪಿರುತ್ತದೆ.

ಕುರ್ಚಿಯಿಂದ ಏಳುವುದು. ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ, ಧೊಪ್ ಎಂದು ಕೂರಬೇಡಿ. ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು, ಮತ್ತೆ ಹತ್ತು. ಎರಡು ವಾರದಲ್ಲಿ ಸುಲಭ ಅನಿಸಿದರೆ ಎರಡು ಕೆಜಿ ರಾಗಿ ಚೀಲವನ್ನು ಎದೆಗೆ ಅಪ್ಪಿಕೊಂಡು ಮಾಡಿ. ಆಮೇಲೆ ಐದು ಕೆಜಿ. ಭಾರ ಏರಿಸದೆ ವರ್ಷಗಟ್ಟಲೆ ಅದನ್ನೇ ಮಾಡಿದರೆ ಮೂಳೆಗೆ ಏನೂ ತಿಳಿಯುವುದಿಲ್ಲ.

ಹಿಮ್ಮಡಿ ಎತ್ತುವುದು. ಹಿಮ್ಮಡಿ ನೋವಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಲ್ಲಿ. (ಹೊಸ್ತಿಲ ಮೇಲೆ ನಿಂತರೆ ಅತ್ತೆ ಬಿಡುವುದಿಲ್ಲ, ಜಗಲಿಯೇ ವಾಸಿ.) ಒಂದು ಟವೆಲ್ ಸುತ್ತಿ ಬೆರಳುಗಳ ಅಡಿಗೆ ಇಟ್ಟುಕೊಳ್ಳಿ, ಬೆರಳು ಮೇಲಕ್ಕೆ ಬಾಗಿರಬೇಕು, ಹಿಮ್ಮಡಿ ಹೊರಗೆ ತೂಗುತ್ತಿರಬೇಕು. ಮೂರು ಎಣಿಸುತ್ತಾ ಮೇಲೆ, ಎರಡು ಎಣಿಸುವ ತನಕ ಅಲ್ಲೇ, ಮೂರು ಎಣಿಸುತ್ತಾ ಕೆಳಗೆ. ಹನ್ನೆರಡು ಸಲ. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೊಂದೇ ಕಾಲಲ್ಲಿ. ಇದರ ಜೊತೆ ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ನಿಂತರೆ ಹಿಮ್ಮಡಿ ಕೇಳುವುದಿಲ್ಲ.

ಗೋಡೆ ತಳ್ಳುವುದು. ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈ ಊರಿ, ಎದೆಯನ್ನು ಗೋಡೆಗೆ ತಂದು ವಾಪಸ್. ಸುಲಭವಾದ ಮೇಲೆ ಗೋಡೆ ಬಿಟ್ಟು ಅಡುಗೆ ಕಟ್ಟೆಗೆ ಬನ್ನಿ.

ಕೊಡ ಹೊರುವುದು. ಇದನ್ನು ಹೇಗೂ ಮಾಡುತ್ತೀರಿ. ಆದರೆ ಯಾವಾಗಲೂ ಎಡ ಸೊಂಟದ ಮೇಲೆ ಅಲ್ವಾ? ಎರಡು ಸಣ್ಣ ಬಿಂದಿಗೆ ಅಥವಾ ಬಕೆಟ್, ಎರಡು ಕೈಯಲ್ಲಿ, ನೆಟ್ಟಗೆ ನಿಂತು ನಡೆಯಿರಿ.

ನೋವಿನ ಲೆಕ್ಕ ಹೀಗಿರಲಿ: ಹತ್ತಕ್ಕೆ ಮೂರು, ನಾಲ್ಕರಷ್ಟು ನೋವಾದರೆ ಪರವಾಗಿಲ್ಲ, ಮಾರನೇ ಬೆಳಗ್ಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಭಾರ ಕಡಿಮೆ ಮಾಡಿ, ನಿಲ್ಲಿಸಬೇಡಿ. ಮಾಂಸಖಂಡ ವಾರಗಳಲ್ಲಿ ತಿರುಗಿಕೊಳ್ಳುತ್ತದೆ, ಟೆಂಡನ್‌ಗೆ ಕಡಿಮೆಯೆಂದರೂ ಮೂರು ತಿಂಗಳು ಬೇಕು. ಮೂರನೇ ವಾರಕ್ಕೆ "ಏನೂ ಆಗಿಲ್ಲ ಮೇಡಮ್ಮ" ಎಂದು ಬಿಟ್ಟುಬಿಡುವವರೇ ಹೆಚ್ಚು. ಮೂಳೆ ಈಗಾಗಲೇ ಸವೆದಿದೆ ಎಂದು ಗೊತ್ತಿರುವವರು ಮುಂದೆ ಬಗ್ಗಿ ಭಾರ ಎತ್ತಬೇಡಿ, ನೆಲ ಮುಟ್ಟುವ ಆಸನಗಳೂ ಬೇಡ. ಹಾಗೆ ಬಗ್ಗಿದಾಗ ಬೆನ್ನಿನ ಮೂಳೆ ಕುಸಿಯಬಹುದು.

ಭುಜ ಮತ್ತು ಹೆಬ್ಬೆರಳು

ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವುದು, ನಲವತ್ತರಿಂದ ಅರವತ್ತರ ಹೆಂಗಸರಿಗೆ ಜಾಸ್ತಿ, ಶುಗರ್ ಇದ್ದರೆ ಇನ್ನೂ ಜಾಸ್ತಿ. ಸಕ್ಕರೆ ಕೊಲಾಜನ್ ಎಳೆಗಳಿಗೆ ಅಂಟಿ ಅವನ್ನು ಬಿರುಸು ಮಾಡುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ, ಅಂಗೈಯನ್ನು ಹೊರಕ್ಕೆ ತಿರುಗಿಸಿ. ನೋವಿರುವ ಕೈ ಇನ್ನೊಂದಕ್ಕಿಂತ ಬಹಳ ಕಡಿಮೆ ತಿರುಗಿ, ಗಂಡನೋ ಮಗಳೋ ಮೆಲ್ಲಗೆ ತಿರುಗಿಸಿದರೂ ಜಗ್ಗದಿದ್ದರೆ ಅದು ಫ್ರೋಜನ್ ಇರಬಹುದು. ಬೇರೆಯವರು ಎತ್ತಿದರೆ ಎತ್ತಬಹುದು, ನಿಮ್ಮಿಂದ ಆಗುವುದಿಲ್ಲ ಎಂದಾದರೆ ಟೆಂಡನ್ ಕಡೆ ನೋಡಬೇಕು.

ಇದಕ್ಕೆ ಕೈ ಜಗ್ಗಿಸುವುದು, ನಾಟಿ ಎಣ್ಣೆ ಹಾಕಿ ತಿರುಚಿಸುವುದು ಬೇಡವೇ ಬೇಡ. ನೋವಿನ ಹಂತದಲ್ಲಿ ಬಲವಂತ ಮಾಡಿದಷ್ಟೂ ಒಳಗಿನ ಚೀಲ ಇನ್ನೂ ಬಿಗಿಯುತ್ತದೆ. ಮುಂದೆ ಬಾಗಿ ಕೈ ಇಳಿಬಿಟ್ಟು ಸಣ್ಣ ಸುತ್ತು ಹಾಕಿ. ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ಹೋಗಿ, ಎಲ್ಲಿಗೆ ನಿಂತಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ವಾರಕ್ಕೊಮ್ಮೆ ಗುರುತು ಮೇಲೇರುತ್ತಿದೆಯಾ ನೋಡಿ. ಪೂರಾ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರೆಲ್ಲಾ ಡಾಕ್ಟರ್ ಬದಲಿಸುತ್ತಾರೆ. ಶುರುವಿನಲ್ಲಿ ನೋವು ತಡೆಯಲಾಗದಿದ್ದರೆ ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಸಹಾಯ ಮಾಡುತ್ತದೆ. ಒಂದೇ ಜಾಗಕ್ಕೆ ಪದೇ ಪದೇ ಹಾಕಿಸಿದರೆ ಮಾತ್ರ ಟೆಂಡನ್ ಸೊರಗುತ್ತದೆ.

ಹೆಬ್ಬೆರಳಿನ ಕಥೆ ಹಸು ಸಾಕುವವರದ್ದು. ನನ್ನ ಮುಂದೆ ಕೂತು ಹಾಲು ಕರೆಯುವ ರೀತಿ ತೋರಿಸಿ ಎಂದರೆ ಎಲ್ಲರೂ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೆ ಮೊಲೆತೊಟ್ಟು ಒತ್ತಿ ಎಳೆಯುವಂತೆ ಮಾಡುತ್ತಾರೆ. ಬೆಳಗ್ಗೆ ಎರಡು ಹಸು, ಸಂಜೆ ಎರಡು ಹಸು. ಮಣಿಕಟ್ಟಿನ ಹತ್ತಿರ ಹೆಬ್ಬೆರಳಿನ ಟೆಂಡನ್‌ಗಳು ಒಂದು ಸಣ್ಣ ಗವುಸಿನೊಳಗೆ ಓಡಾಡುತ್ತವೆ, ಅಲ್ಲಿ ಉಜ್ಜಿ ಉಜ್ಜಿ ಊದಿಕೊಳ್ಳುತ್ತದೆ. ಹೆಬ್ಬೆರಳು ಮಡಚದೆ, ಪೂರ್ತಿ ಮುಷ್ಟಿಯಲ್ಲಿ ತೊಟ್ಟು ಹಿಡಿದು, ಮೇಲಿನ ಬೆರಳಿನಿಂದ ಕೆಳಗಿನ ಬೆರಳಿಗೆ ಒಂದೊಂದಾಗಿ ಹಿಂಡಿ. ಹಸುವಿನ ಡಾಕ್ಟರೂ ಇದನ್ನೇ ಹೇಳುತ್ತಾರೆ, ಕೆಚ್ಚಲಿಗೂ ಒಳ್ಳೆಯದು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿಯನ್ನು ಕೆಲವು ವಾರ ರಾತ್ರಿ ಹಾಕಿ. ಅಷ್ಟಕ್ಕೇ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ.

ಊಟ

ಕೊಲಾಜನ್ ಪುಡಿಯ ಡಬ್ಬ ಹಿಡಿದುಕೊಂಡು ಬರುವವರು ಈಗ ಜಾಸ್ತಿಯಾಗಿದ್ದಾರೆ, ಬೆಂಗಳೂರಿನ ಮಕ್ಕಳು ಕಳಿಸಿದ್ದು. ತಿಂದ ಕೊಲಾಜನ್ ನೇರವಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆಯಲ್ಲಿ ತುಂಡಾಗಿ, ಬಹುಪಾಲು ಅಮೈನೋ ಆಸಿಡ್ ಆಗಿ ರಕ್ತ ಸೇರುತ್ತದೆ. ಚರ್ಮದ ತೇವ ಸ್ವಲ್ಪ ಸುಧಾರಿಸುತ್ತದೆ ಎಂದು ಕೆಲವು ಅಧ್ಯಯನಗಳಿವೆ, ಅದರಲ್ಲಿ ಹಲವಕ್ಕೆ ದುಡ್ಡು ಹಾಕಿದವರು ಪುಡಿ ಮಾರುವವರೇ. ತೊಂದರೆಯೇನಿಲ್ಲ, ದುಡ್ಡಿದ್ದರೆ ತಿನ್ನಿ. ಆದರೆ ಅದು ದನ, ಹಂದಿ ಅಥವಾ ಮೀನಿನ ಚರ್ಮ, ಮೂಳೆಯಿಂದ ಮಾಡಿದ್ದು ಎಂದು ತಿಳಿದಿರಲಿ. "ವೆಜ್ ಕೊಲಾಜನ್" ಎಂದು ಬರೆದ ಡಬ್ಬದಲ್ಲಿ ಸಾಮಾನ್ಯವಾಗಿ ಕೊಲಾಜನ್ನೇ ಇರುವುದಿಲ್ಲ, ಸಿ ವಿಟಮಿನ್ನೂ ಅಮೈನೋ ಆಸಿಡ್ಡೂ ಇರುತ್ತವೆ. ಮಾಂಸ ತಿನ್ನುವವರಿಗೆ ಕಾಲ್ ಸೂಪ್ ಇದೆಯಲ್ಲ. ಆರಿದ ಮೇಲೆ ಗಟ್ಟಿಯಾಗುತ್ತದಲ್ಲ, ಅದೇ ಕರಗಿದ ಕೊಲಾಜನ್.

ನಿಜವಾಗಿ ಬೇಕಾದದ್ದು ಪ್ರೋಟೀನ್. 55 ಕೆಜಿ ತೂಕದವರು ದಿನಕ್ಕೆ 55ರಿಂದ 65 ಗ್ರಾಂ ಗುರಿ ಇಟ್ಟುಕೊಳ್ಳಿ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ. ನಮ್ಮ ತಟ್ಟೆಯಲ್ಲಿ ಮುದ್ದೆ ದೊಡ್ಡದು, ಸಾರು ತೆಳ್ಳಗೆ. ಹುರುಳಿಕಟ್ಟು ಬಸಿದು ಸಾರು ಮಾಡಿ ಕಾಳನ್ನು ಹಸುವಿಗೆ ಹಾಕುವ ಮನೆಗಳನ್ನು ನೋಡಿದ್ದೇನೆ, ಪ್ರೋಟೀನೆಲ್ಲ ಹಸುವಿಗೇ ಹೋಯಿತು! ಕಾಳನ್ನೂ ಒಗ್ಗರಣೆ ಹಾಕಿ ತಿನ್ನಿ. ಅವರೆಕಾಳು, ಮೊಳಕೆ ಹೆಸರುಕಾಳು, ಒಂದು ಹಿಡಿ ಕಡಲೆಕಾಯಿ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ. ಒಂದು ಮೊಟ್ಟೆಗೆ ಆರು ಗ್ರಾಂ, ಹಾಲಿನ ಲೋಟಕ್ಕೆ ಆರೋ ಏಳೋ ಗ್ರಾಂ.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ನೂರು ಗ್ರಾಂ ರಾಗಿಯಲ್ಲಿ 360ರ ಆಸುಪಾಸು ಇದೆ, ಎಲ್ಲವೂ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿದ ರಾಗಿ, ಹುಳಿ ಬಂದ ಅಂಬಲಿಯಲ್ಲಿ ಚೆನ್ನಾಗಿ ಹತ್ತುತ್ತದೆ. ಒಂದು ಲೋಟ ಹಾಲಿಗೆ 240. ಕ್ಯಾನ್ ತುಂಬಾ ಹಾಲನ್ನು ಡೈರಿಗೆ ಹಾಕಿ ಮನೆಗೆ ಕಾಫಿಗಷ್ಟೇ ಉಳಿಸಿಕೊಳ್ಳುವ ಅಕ್ಕಂದಿರೇ, ಅರ್ಧ ಲೀಟರ್ ನಿಮಗೆ ಎತ್ತಿಟ್ಟುಕೊಳ್ಳಿ.

ಕೊಲಾಜನ್ ಹುರಿ ಬಿಗಿಯಾಗಲು ಸಿ ವಿಟಮಿನ್ ಬೇಕೇ ಬೇಕು. ಒಂದು ಸೀಬೆಹಣ್ಣು ಅಥವಾ ಒಂದು ಬೆಟ್ಟದ ನೆಲ್ಲಿಕಾಯಿ ದಿನದ ಲೆಕ್ಕವನ್ನು ಮುಗಿಸುತ್ತದೆ. ನಿಂಬೆಹುಳಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕಡ್ಡಿಪುಡಿ (ತಂಬಾಕು) ಹಾಕುವುದನ್ನು ಬಿಡಿ.

ಕೆಳಗಿನ ಮಾತು

ಇದನ್ನು ಪಿಸುಗುಟ್ಟಿಯೂ ಹೇಳದವರಿದ್ದಾರೆ. ಕೆಮ್ಮಿದರೆ ಮೂತ್ರ, ಏನೋ ಕೆಳಗೆ ಜಾರಿದ ಹಾಗೆ, ಗಂಡನ ಜೊತೆ ಸೇರಿದರೆ ಉರಿ, ತಿಂಗಳು ತಿಂಗಳು ಉರಿಮೂತ್ರ. ಎಲ್ಲಕ್ಕೂ ಮೂಲ ಆ ಭಾಗದ ಗೋಡೆ ತೆಳ್ಳಗಾಗಿರುವುದು, ಹಿಡಿದಿಡುವ ಪಟ್ಟಿ ಸಡಿಲವಾಗಿರುವುದು. ಹೆರಿಗೆಗಳಲ್ಲಿ ಹಿಗ್ಗಿದ್ದು ಈಗ ಕಾಣಿಸಿಕೊಳ್ಳುತ್ತದೆ.

ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಕ್ಕೂ ಮೇಲಕ್ಕೂ ಬಿಗಿಹಿಡಿಯಿರಿ. ಐದು ಎಣಿಸಿ, ಬಿಡಿ, ಐದು ಎಣಿಸುವಷ್ಟು ವಿರಾಮ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತೊಡೆ, ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಕೊಡ ಎತ್ತುವ ಮೊದಲು, ಸೀನುವ ಮೊದಲು ಒಮ್ಮೆ ಬಿಗಿಹಿಡಿಯುವುದು ರೂಢಿಯಾಗಲಿ. ಇದಕ್ಕೂ ಮೂರು ತಿಂಗಳು.

ಒಣಗಿದ್ದಕ್ಕೆ ಮತ್ತು ಪದೇ ಪದೇ ಬರುವ ಉರಿಮೂತ್ರಕ್ಕೆ, ಯೋನಿಯೊಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಹಚ್ಚಲು ಹೇಳುತ್ತಾರೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಮುಟ್ಟಬೇಕು. ಉಳಿದವರು ನಾಚಿಕೊಳ್ಳದೆ ಲೇಡಿ ಡಾಕ್ಟರನ್ನು ಕೇಳಿ.

ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬೇಕಾ

ಇದು ಡಾಕ್ಟರ್ ನಿರ್ಧಾರ, ನಾನು ಫಿಸಿಯೋ. ಆದರೆ ಎರಡು ತುದಿಯ ಮಾತೂ ಕೇಳಿಬರುತ್ತದೆ. "ಹಾರ್ಮೋನ್ ಅಂದ್ರೆ ಕ್ಯಾನ್ಸರ್" ಎಂಬ ಹೆದರಿಕೆ 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ ಬಂತು. ಅದರಲ್ಲಿ ಎರಡು ಹಾರ್ಮೋನ್ ಸೇರಿಸಿ ತೆಗೆದುಕೊಂಡವರಿಗೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು. ಮೂಳೆ ಮುರಿತ ಕಡಿಮೆಯಾದದ್ದೂ ಅದರಲ್ಲೇ ಕಂಡಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ ಲಾಭ ನಷ್ಟದ ಲೆಕ್ಕ ಬೇರೆ ಎಂದು ಆಮೇಲೆ ತಿಳಿಯಿತು. ಇನ್ನೊಂದು ತುದಿ, ಮುಖ ಬಿಗಿಯಾಗಲಿ ಎಂದು ಮಾತ್ರೆ ಕೇಳುವುದು. ಬರೀ ಚರ್ಮಕ್ಕೆಂದು ಇದನ್ನು ಕೊಡುವುದಿಲ್ಲ. ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು ಜಾಸ್ತಿ ಇದ್ದರೆ, ಬೇಗ ಮುಟ್ಟು ನಿಂತಿದ್ದರೆ, ಮೂಳೆ ಸವೆಯುತ್ತಿದ್ದರೆ ಆ ಮಾತು ಬರುತ್ತದೆ.

ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೋಜನ್ ಕೊಡುವ ಹಾಗಿಲ್ಲ, ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ತಿರುಗಬಹುದು. ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕು. ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್, ಕಾಲಿನಲ್ಲಿ ಹೆಪ್ಪು, ಪಾರ್ಶ್ವವಾಯು, ಲಿವರ್ ಕಾಯಿಲೆ ಆಗಿದ್ದರೆ ಮೊದಲೇ ಹೇಳಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯಬೇಡಿ, ಆ ವಾರವೇ ತೋರಿಸಿ.

ಸೋಯಾ, ಅಗಸೆ ಬೀಜದಲ್ಲಿ ಈಸ್ಟ್ರೋಜನ್ ಹೋಲುವ ಅಂಶ ಇರುವುದು ನಿಜ, ಬಹಳ ದುರ್ಬಲ. ಚಟ್ನಿಪುಡಿಗೆ ಹಾಕಿ ತಿನ್ನಿ, ಔಷಧಿ ಎಂದು ನಂಬಿ ಕೂರಬೇಡಿ.

ಚರ್ಮಕ್ಕೆ

ಬಿಸಿಲು ಕೊಲಾಜನ್ ಕತ್ತರಿಸುವ ಎಂಜೈಮುಗಳನ್ನು ಎಬ್ಬಿಸುತ್ತದೆ. ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟ್ ಹಾಕುತ್ತೀರಲ್ಲ, ಅದು ಎಷ್ಟೋ ಕ್ರೀಮಿಗಿಂತ ಮೇಲು. ಸ್ನಾನವಾದ ಕೂಡಲೇ ಮೈ ಹಸಿಯಿರುವಾಗ ಕೊಬ್ಬರಿ ಎಣ್ಣೆ ಹಚ್ಚಿ. ಬೆಳ್ಳಗಾಗಲು ಎಂದು ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳ್ಳಗಾಗುತ್ತದೆ.

ಡಾಕ್ಟರ್ ಹತ್ತಿರ ಹೋಗುವಾಗ

ಕ್ಯಾಲೆಂಡರ್, ಆಪರೇಷನ್ ಕಾಗದ, ಶುಗರ್ ಮತ್ತು ಥೈರಾಯ್ಡ್ ರಿಪೋರ್ಟ್ ಇಟ್ಟುಕೊಳ್ಳಿ. ಅಮ್ಮನಿಗೆ ಸೊಂಟದ ಮೂಳೆ ಮುರಿದಿತ್ತಾ, ನಿಮ್ಮ ಎತ್ತರ ಕುಗ್ಗಿದೆಯಾ ಹೇಳಿ. ಉಚಿತ ಶಿಬಿರದಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಮೂಳೆ ಸಾಂದ್ರತೆಯ ಚೀಟಿ ಕೊಟ್ಟಿದ್ದರೆ ಅದನ್ನೇ ಕೊನೆ ಎಂದುಕೊಂಡು ಮಾತ್ರೆ ಕೊಳ್ಳಬೇಡಿ. ಸರಿಯಾದ ಪರೀಕ್ಷೆ ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್. ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ.

ಉರಿಮೂತ್ರಕ್ಕೆ ನುಂಗಿದ ಮಾತ್ರೆಯ ಹಳೇ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಟೆಂಡನ್‌ಗೆ ಪೆಟ್ಟು ಕೊಡಬಲ್ಲವು, ಅರವತ್ತು ದಾಟಿದವರಿಗೆ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇವುಗಳ ಮಾಹಿತಿ ಪತ್ರದಲ್ಲಿ ಚೌಕಟ್ಟು ಕಟ್ಟಿದ ಎಚ್ಚರಿಕೆ ಹಾಕಿಸಿತು. ಈ ಮಾತ್ರೆ ನುಂಗುತ್ತಿರುವಾಗ ಹಿಮ್ಮಡಿಯ ಮೇಲ್ಭಾಗ ಹಠಾತ್ತನೆ ನೋಯಲು ಶುರುವಾದರೆ ಹಿಮ್ಮಡಿ ಎತ್ತುವ ವ್ಯಾಯಾಮ ಆ ಕ್ಷಣವೇ ನಿಲ್ಲಿಸಿ, ಮಾತ್ರೆ ಬರೆದವರಿಗೆ ಅದೇ ದಿನ ಫೋನ್ ಮಾಡಿ. ಮುಂದಿನ ಸಲ ಉರಿಮೂತ್ರ ಬಂದಾಗ ಬೇರೆ ಮಾತ್ರೆ ಆಗುತ್ತದಾ ಎಂದು ಕೇಳಿ, ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಟ್ಟ ಮೇಲೆಯೇ ಮೊದಲ ಮಾತ್ರೆ ನುಂಗಿ.